ಎರಡನೆಯ ಜಾಗ

ಲಾಠಿಯ ಮೊದಲ ಪೆಟ್ಟು ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ಎರಡನೆಯದು ಪಕ್ಕೆಯ ಮೇಲೆ. ಮೂರನೆಯದಕ್ಕೆ ಯೆನೋ ಕೊಲೊಂಪಾರ್ ಕಾಯಲಿಲ್ಲ. ಮೋಟಾರ್‌ಸೈಕಲ್ಲನ್ನು ತಂಗಿ ವಿಲ್ಮಾಳ ಕೈಗೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

“ಕುಂಟೆ ಎಳೆಯೋರ ಗೇಟು ಹಿಂದ್ಗಡೆ ಐತೆ ಅಂತ ಎಷ್ಟು ಸಲ ಬೊಗಳ್ಬೇಕೋ ನಿನಗೆ?” ಎಂದ ಕ್ರೀಡಾಂಗಣದ ಮುಂಬಾಗಿಲ ಕಾವಲುಗಾರ.

“ಕುಂಟೆ ಎಳೆದು ಮುಗಿಸೇ ಬಂದಿದೀನಿ. ಈಗ ಬಂದಿರೋದು ಗಾಡಿ ಓಡ್ಸಕ್ಕೆ. ಹದಿನೆಂಟನೇ ನಂಬರು. ಅಂಗಿ ಮೇಲೆ ಬರ್ದೈತೆ, ಓದ್ಕೋ.”

“ಯಾವನ ಅಂಗಿ ಕದ್ದೆಯೋ?”

ಟಿಕೆಟಿನ ಸಾಲಿನಲ್ಲಿ ನಿಂತವರು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ನಕ್ಕರು. “ಬಿಡಪ್ಪಾ ಒಳಗೆ! ಗಾಡಿ ಕದಿಯೋ ಜಾತಿಗೆ ಗಾಡಿ ಓಡ್ಸಕ್ಕೆ ಬರಲ್ವಾ?” ಎಂದನೊಬ್ಬ. ನಗೆ ಸಾಲಿನ ತುದಿಯವರೆಗೂ ಹೋಯಿತು.

ವಿಲ್ಮಾ ಬಾಯಿ ತೆರೆದಳು. ಯೆನೋ ಅವಳ ತೋಳು ಹಿಡಿದ. ಇಬ್ಬರೂ ಗಾಡಿಯನ್ನು ತಳ್ಳಿಕೊಂಡು, ಗೋಡೆಯ ಸುತ್ತ ಅರ್ಧ ಮೈಲಿ ನಡೆದು, ಹಿಂಬಾಗಿಲಿನಿಂದ ಒಳಹೊಕ್ಕರು. ಬೆಳಗಿನ ಐದು ಗಂಟೆಗೂ ಅವನು ಅದೇ ಬಾಗಿಲಿನಿಂದ ಬಂದಿದ್ದ. ತನ್ನ ಕೇರಿಯ ಇನ್ನಾರು ಜನರೊಡನೆ ಕಬ್ಬಿಣದ ಹಲ್ಲಿನ ಕುಂಟೆ ಎಳೆದು, ಟ್ರ್ಯಾಕಿಗೆ ನೀರು ಹಾಯಿಸಿ, ಹತ್ತಕ್ಕೆ ಮನೆಗೆ ಹೋಗಿ, ತೊಗಲಿನ ಉಡುಪು ತೊಟ್ಟು ಮರಳಿದ್ದ.

ಆ ಟ್ರ್ಯಾಕಿಗೆ ಹಾಸಿದ್ದು ಮಣ್ಣಲ್ಲ. ಹಂಗೇರಿಯ ಆ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಗಳು ಉಗುಳಿದ ಕಿಟ್ಟ. ಅದರ ಕಾವು ಆರುವ ಮುನ್ನವೇ ಸುತ್ತಿಗೆಯಿಂದ ಒಡೆದು, ಜರಡಿ ಹಿಡಿದು, ಬೆನ್ನ ಮೇಲೆ ಹೊತ್ತವರು, ಊರವರು ಜಿಪ್ಸಿಗಳೆಂದು ಜರೆಯುವ ಕೇರಿಯ ರೋಮಾ ಗಂಡಸರು. ಯೆನೋನ ಅಪ್ಪ ಇಪ್ಪತ್ತಾರು ವರ್ಷ ಒಡೆದ. ಅವನು ಕೆಮ್ಮಿದರೆ ಕಫ ಕಪ್ಪಗೆ ಬೀಳುತ್ತಿತ್ತು. ಕಾರ್ಖಾನೆ ಮುಚ್ಚುವ ಕಾಲ ಬಂದಾಗ ಮೊದಲು ಹೊರಗೆ ಬಿದ್ದವರೂ ಅವರೇ. ಅಪ್ಪ ಸತ್ತ. ಕಿಟ್ಟ ಉಳಿಯಿತು. ಅದರ ಮೇಲೆ ಈಗ ಒಂಬತ್ತು ದೇಶಗಳ ಸವಾರರು ಹಾರಾಡುತ್ತಾರೆ. ಅವರಿಗಾಗಿ ಅದನ್ನು ಹದಗೊಳಿಸುವ ಕೈಗಳು ಮಾತ್ರ ಇಂದಿಗೂ ಅದೇ ಕೇರಿಯವು.

ಈ ಆಟದ ಗಾಡಿಗೆ ಬ್ರೇಕಿಲ್ಲ. ಗೇರು ಒಂದೇ. ಒಂದು ಓಟಕ್ಕೆ ನಾಲ್ವರು, ನಾಲ್ಕು ಸುತ್ತು, ಸದಾ ಎಡಕ್ಕೇ ತಿರುವು. ಒಬ್ಬೊಬ್ಬನಿಗೂ ಐದು ಓಟ, ಮೊದಲ ಮೂವರಿಗೆ ಮೂರು, ಎರಡು, ಒಂದು ಅಂಕ, ಕಡೆಯವನಿಗೆ ಸೊನ್ನೆ. ಎಡಗಾಲಿಗೆ ಉಕ್ಕಿನ ಮೆಟ್ಟು ಕಟ್ಟಿಕೊಂಡು, ಅದನ್ನು ಕಿಟ್ಟಕ್ಕೆ ಒತ್ತಿ ಉಜ್ಜುತ್ತ, ಹಿಂದಿನ ಚಕ್ರವನ್ನು ಜಾರಿಸುತ್ತ ತಿರುಗಬೇಕು. ಯೆನೋನ ಮೆಟ್ಟು ಕಾರ್ಖಾನೆಯ ತಗಡಿನದು. ಸಾಯುವ ಹಿಂದಿನ ಚಳಿಗಾಲದಲ್ಲಿ ಅಪ್ಪನೇ ಬಡಿದುಕೊಟ್ಟದ್ದು.

ಆದರೆ ಕಾಲಿಗೆ ಮೆಟ್ಟಿದ್ದ ಮಾತ್ರಕ್ಕೆ ವಿಶ್ವ ಪಂದ್ಯಾವಳಿಗೆ ಯಾರೂ ಹೋಗುವಂತಿಲ್ಲ. ದೇಶದೇಶದ ಒಕ್ಕೂಟಗಳಿಗೆ ಇಂತಿಷ್ಟು ಜಾಗ. ಒಂದು ವರ್ಷದ ಅರ್ಹತಾ ಪಂದ್ಯದಲ್ಲಿ ಮೊದಲ ಎಂಟರೊಳಗೆ ನಿಂತವನು ಮುಂದಿನ ವರ್ಷಕ್ಕೆ ತನ್ನ ಒಕ್ಕೂಟಕ್ಕೊಂದು ಜಾಗ ಗಳಿಸಿಕೊಡುತ್ತಾನೆ. ಹಂಗೇರಿಗೆ ಬಹುಕಾಲದಿಂದ ಇದ್ದದ್ದು ಒಂದೇ ಜಾಗ. ಹೋದ ವರ್ಷ ಬೇರೊಂದು ದೇಶ ಬಿಟ್ಟುಕೊಟ್ಟ ಜಾಗವೊಂದು ಕೊನೆಯ ಗಳಿಗೆಯಲ್ಲಿ ಕೈಗೆ ಬಂತು. ಪಂದ್ಯ ನಡೆದದ್ದು ಚೆಕ್ ನಾಡಿನ ಊರೊಂದರಲ್ಲಿ, ಮೂರು ದಿನದ ಮಳೆ, ರಾಡಿಯಾದ ಟ್ರ್ಯಾಕು. ಹೆಸರಾಂತ ಸವಾರರೆಲ್ಲ ಮುಖ ತಿರುಗಿಸಿದರು. ಜಿಪ್ಸಿಯನ್ನು ಕಳಿಸಿ, ಸತ್ತರೆ ನಷ್ಟವಿಲ್ಲ ಎಂದರು.

ಯೆನೋ ಹೋದ. ಮೂರನೆಯ ಓಟದಲ್ಲಿ ಕೊರಳ ಬುಡದ ಎಲುಬು ಬಿರಿಯಿತು. ವಿಲ್ಮಾ ತನ್ನ ತಲೆವಸ್ತ್ರದಿಂದ ತೋಳನ್ನು ಎದೆಗೆ ಬಿಗಿದು ಕಟ್ಟಿದಳು. ಇನ್ನೆರಡು ಓಟ ಹಾಗೆಯೇ ಓಡಿ ಆರನೆಯವನಾದ. ಹಂಗೇರಿಗೆ ಎರಡನೆಯ ಜಾಗ ಬಂತು. ಪತ್ರಿಕೆಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದವನು ಮಾತ್ರ ಒಕ್ಕೂಟದ ಕಾರ್ಯದರ್ಶಿ ಹರ್ಶಾನಿ.

ಈ ಮೇ ತಿಂಗಳಲ್ಲಿ ಪಟ್ಟಿ ಹೊರಟಿತು. ಎರಡನೆಯ ಜಾಗದ ಮುಂದಿದ್ದ ಹೆಸರು ಬಾಲಿಂಟ್ ಹರ್ಶಾನಿ. ಕಾರ್ಯದರ್ಶಿಯ ಅಣ್ಣನ ಮಗ. ಯೆನೋಗೆ ಹದಿನೆಂಟನೆಯ ಅಂಗಿ. ಹದಿನಾರು ಜನ ಓಡುವ ಪಂದ್ಯದಲ್ಲಿ ಯಾರಾದರೂ ಮುರಿದುಬಿದ್ದರೆ ಅವರ ಬದಲಿಗೆ ಓಡಲೆಂದು ಇಬ್ಬರು ಕಾದಿರುತ್ತಾರೆ. ಅವರಲ್ಲಿ ಕಡೆಯವನ ಅಂಗಿ ಅದು.

ಯೆನೋ ರಾಜಧಾನಿಗೆ ಹೋಗಿ ಒಕ್ಕೂಟದ ಕಚೇರಿಯಲ್ಲಿ ನಿಂತಿದ್ದ. ಹರ್ಶಾನಿ ಕುಳಿತುಕೋ ಎನ್ನಲಿಲ್ಲ.

“ಜಾಗ ಒಕ್ಕೂಟದ್ದಪ್ಪಾ, ಸವಾರನದ್ದಲ್ಲ. ನೀನು ತಂದೆ, ಇಲ್ಲ ಅನ್ನಲ್ಲ. ಅಂಚೆಯವನು ಪತ್ರ ತರ್ತಾನೆ. ತಂದ ಅಂತ ಪತ್ರ ಅವನದ್ದಾಗುತ್ತಾ?”

ಆ ಮಾತು ಯೆನೋನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಎರಡು ತಿಂಗಳಾದರೂ ಇಳಿದಿರಲಿಲ್ಲ.

ಈಗ ಜುಲೈ. ಅರ್ಹತಾ ಪಂದ್ಯ ಅವನ ಊರಿನಲ್ಲೇ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ತಗಡಿನ ಚಾವಣಿ ಸಿಡಿಯುತ್ತಿತ್ತು. ಸವಾರರು ಗಾಡಿ ನಿಲ್ಲಿಸುವ ಅಂಕಣದ ಮೂಲೆಯಲ್ಲಿ ಯೆನೋ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತ. ಉಳಿದವರಿಗೆ ಕುರ್ಚಿಗಳಿದ್ದವು. ಮಣಿಕಟ್ಟು ಊದಿಕೊಂಡಿತ್ತು. ವಿಲ್ಮಾ ಹಂದಿಕೊಬ್ಬು ಸವರಿದ ರೊಟ್ಟಿಯನ್ನು ಮುರಿದು, ಮೇಲೊಂದು ಹೋಳು ಈರುಳ್ಳಿ ಇಟ್ಟು ಕೊಟ್ಟಳು. ಅವನು ಅದನ್ನು ಅವಳ ಕೈಗೇ ಮರಳಿಸಿದ.

ನಾಲ್ಕನೆಯ ಓಟ ಮುಗಿದೊಡನೆ ಹರ್ಶಾನಿ ಬಂದ. “ಏನು, ಮಹಾರಾಜರ ಹಾಗೆ ಕೂತಿದೀಯ? ಟ್ರ್ಯಾಕಲ್ಲಿ ಒಬ್ಬ ಕಡಿಮೆ ಇದಾನೆ. ಹೋಗಿ ಕುಂಟೆ ಹಿಡಿ.”

“ನಾನೀಗ ಸವಾರ, ಸಾಹೇಬ್ರೇ.”

“ಯಾರೂ ಇನ್ನೂ ಬಿದ್ದಿಲ್ಲ. ಯಾರಾದ್ರೂ ಬೀಳೋವರೆಗೂ ನೀನು ಏನೂ ಅಲ್ಲ. ಏಳು.”

ತೊಗಲಿನ ಉಡುಪು, ಬೆನ್ನ ಮೇಲೆ ಹದಿನೆಂಟು, ಕಾಲಲ್ಲಿ ಸವಾರನ ಬೂಟು. ಆ ವೇಷದಲ್ಲೇ ಯೆನೋ ಕುಂಟೆ ಎಳೆಯಲು ಇಳಿದ. ಎಂಟು ಸಾವಿರ ಜನ ನೋಡಿದರು. ಮೊದಲು ಒಂದು ಮೂಲೆ ನಕ್ಕಿತು, ಆಮೇಲೆ ಇಡೀ ಕ್ರೀಡಾಂಗಣ. ಅರ್ಧ ತಿಂದ ಜೋಳದ ದಿಂಡೊಂದು ಅವನ ಹೆಗಲಿಗೆ ಬಡಿದು ಬಿತ್ತು.

ಪಕ್ಕದಲ್ಲಿ ಎಳೆಯುತ್ತಿದ್ದ ಗೆಜಾ ಅವನ ಅಪ್ಪನ ಜೊತೆ ಕಿಟ್ಟ ಒಡೆದ ಮುದುಕ. ಬಾಯಲ್ಲಿ ಮೂರೇ ಹಲ್ಲು. “ಇಂಥ ಸೂಟು ಹಾಕ್ಕೊಂಡು ಕುಂಟೆ ಎಳೆದೋನು ಯುರೋಪಿನಾಗೇ ಇಲ್ಲ ಕಣಪ್ಪಾ. ಪೋಪು ಬಂದ್ರೂ ಇಷ್ಟು ನೀಟಾಗಿ ಎಳೆಯಾಕಿಲ್ಲ,” ಎಂದ. ಆಮೇಲೆ ತಲೆಯೆತ್ತದೆ ಕೇಳಿದ, “ಕೈಗೇನಾಯ್ತು?”

“ಗೇಟಲ್ಲಿ ಸ್ವಾಗತ ಮಾಡಿದ್ರು, ಮಾವ.”

ಗೆಜಾ ಉಗುಳಿದ. “ಕಡೇ ತಿರುವು ನೋಡಿದ್ಯಾ? ಒಳಗಡೆ ಒಣಗಿ ಬೂದಿ ಆಗೈತೆ. ಹಲಗೆ ಪಕ್ಕ ಮಾತ್ರ ಇನ್ನೂ ಕಪ್ಪಗೈತೆ.”

ಯೆನೋ ನೋಡಿದ್ದ. ಹೊರಗಿನ ಹಲಗೆಗೋಡೆಗೆ ಅಂಟಿದಂತೆ ಎರಡು ಮೊಳ ಅಗಲದ ತೇವದ ಪಟ್ಟಿ. ಬೆಳಗ್ಗೆ ಅಲ್ಲಿ ನೀರು ಹಿಡಿದವನು ಅವನೇ. ಚಕ್ರಕ್ಕೆ ಕಚ್ಚಿಕೊಳ್ಳಲು ಬಿಗಿಯಾದ ಕಿಟ್ಟ ಉಳಿದಿದ್ದುದು ಅಲ್ಲೊಂದೇ ಕಡೆ. ಗೋಡೆಯ ಭಯಕ್ಕೆ ಯಾವ ಸವಾರನೂ ಅತ್ತ ಹೋಗಿರಲಿಲ್ಲ.

ಓಟಗಳು ಉರುಳಿದವು. ಒಂಬತ್ತನೆಯದರಲ್ಲಿ ಒಬ್ಬ ಬಿದ್ದ, ಅವನ ಉಳಿದ ಓಟಗಳು ಹದಿನೇಳನೆಯವನ ಪಾಲಾದವು. ಹದಿನೈದರಲ್ಲಿ ಜರ್ಮನಿಯವನೊಬ್ಬ ಹಲಗೆಗೆ ಅಪ್ಪಳಿಸಿದ. ಮೊಣಕಾಲ ಕೆಳಗೆ ಬಿಳಿಯ ಎಲುಬು ತೊಗಲನ್ನು ಹರಿದು ಹೊರಬಂತು. ಅವನ ಕಡೆಯ ಓಟ ಇಪ್ಪತ್ತನೆಯದು, ಪಂದ್ಯದ್ದೂ ಕಡೆಯದು. ಅದನ್ನೀಗ ಹದಿನೆಂಟನೆಯವನು ಓಡಬೇಕಿತ್ತು.

ಹರ್ಶಾನಿ ಮತ್ತೆ ಬಂದ. ಈ ಸಲ ಬಕೆಟ್ಟಿನ ಬಳಿ ಕುಕ್ಕರಗಾಲಲ್ಲಿ ಕುಳಿತ. ಕೈಯನ್ನು ಯೆನೋನ ಮಂಡಿಯ ಮೇಲಿಟ್ಟ.

“ಕೇಳು ಯೆನೋ. ನಮ್ಮ ಮೊದಲನೆಯವನು ಆರಾಮಾಗಿ ದಾಟಿದಾನೆ. ಎಂಟರೊಳಗೆ ಇನ್ನೊಂದೇ ಜಾಗ ಉಳಿದಿರೋದು. ಲಾಟ್ವಿಯಾದ ಆ ವಾಲ್ಡಿಸ್‌ಗೆ ಒಂಬತ್ತು ಅಂಕ. ನಮ್ಮ ಬಾಲಿಂಟ್‌ಗೆ ಏಳು. ಗೆದ್ದರೆ ಮೂರು ಬರುತ್ತೆ, ಹತ್ತಾಗುತ್ತೆ. ಸಮವಾದ್ರೆ ವಾಲ್ಡಿಸ್ಸೇ ಮುಂದೆ. ಅಂದ್ಮೇಲೆ ಬಾಲಿಂಟ್ ಗೆಲ್ಲಬೇಕು, ವಾಲ್ಡಿಸ್‌ಗೆ ಒಂದು ಅಂಕವೂ ಸಿಗಬಾರದು. ಇಲ್ಲಾಂದ್ರೆ ನಮ್ಮ ಎರಡನೇ ಜಾಗ ಲಾಟ್ವಿಯಾದವರ ಪಾಲಾಗುತ್ತೆ.”

“ನಾನೇನು ಮಾಡ್ಬೇಕು?”

“ಮೊದಲ ತಿರುವಲ್ಲಿ ಅವನು ನಿನ್ನ ಹೊರಗಡೆ ಇರ್ತಾನೆ. ಹಲಗೆಗೆ ಹಾಕು.”

ಯೆನೋ ಮಂಡಿಯ ಮೇಲಿದ್ದ ಆ ಕೈಯನ್ನು ತೆಗೆದಿಟ್ಟ.

“ಎದ್ದು ಬರದ ಹಾಗೆ ಹಾಕು. ಎದ್ರೆ ರೆಫರಿ ಅವನನ್ನೂ ಸೇರಿಸಿ ಮತ್ತೆ ಓಡಿಸ್ತಾನೆ.”

“ನನ್ನನ್ನ ಹೊರಗೆ ಹಾಕ್ತಾರೆ.”

“ಹಾಕಲಿ ಬಿಡು. ನಿನ್ನಿಂದ ಜನ ಇನ್ನೇನು ಕಾಯ್ತಾರೆ? ಜಿಪ್ಸಿ ಬೀಳಿಸಿದ ಅಂತಾರೆ. ಯಾರಿಗೂ ಆಶ್ಚರ್ಯ ಆಗಲ್ಲ. ಮುಂದಿನ ವರ್ಷ ಆ ಜಾಗ ನಿಂದು. ನನ್ನ ಮಾತು.”

ಗಾಡಿಯ ಸರಪಳಿ ಬಿಗಿಯುತ್ತಿದ್ದ ವಿಲ್ಮಾ ಎದ್ದು ನಿಂತಳು. “ಹೋದ್ ವರ್ಷಾನೂ ಇದೇ ಬಾಯಿ ಇದೇ ಮಾತು ಆಡಿತ್ತಲ್ಲ ಸಾಹೇಬ್ರೇ?”

“ನಿನ್ನ ತಂಗಿಗೆ ಬಾಯಿ ಮುಚ್ಚೋಕೆ ಹೇಳು,” ಎಂದು ಹರ್ಶಾನಿ ಯೆನೋಗೆ ಹೇಳಿದ. ಅವಳತ್ತ ನೋಡಲೂ ಇಲ್ಲ. ಎದ್ದು ಪ್ಯಾಂಟು ಕೊಡವಿಕೊಂಡು ಹೋದ.

ಯೆನೋ ಎಡಗಾಲಿಗೆ ಉಕ್ಕಿನ ಮೆಟ್ಟು ತೊಡಿಸಿ ಪಟ್ಟಿ ಬಿಗಿದ. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ವಿಲ್ಮಾ ಅವನ್ನು ಒಂದೊಂದಾಗಿ ಮಡಿಸಿ ಹ್ಯಾಂಡಲಿಗೆ ಕೂರಿಸಿದಳು.

“ಏನ್ ಮಾಡ್ತೀಯಣ್ಣಾ?”

“ತಳ್ಳು.”

ಅವಳು ತಳ್ಳಿದಳು. ಎಂಜಿನ್ನು ಕೆಮ್ಮಿ ಹೊತ್ತಿಕೊಂಡಿತು.

ಓಟ ಶುರುವಾಗುವ ಗೆರೆಗೆ ಅಡ್ಡ ಕಟ್ಟಿದ ಪಟ್ಟಿಯ ಮುಂದೆ ನಾಲ್ವರು ನಿಂತರು. ಒಳಗಡೆ ಬಾಲಿಂಟ್, ಅವನ ಪಕ್ಕ ಒಬ್ಬ ಚೆಕ್ ಸವಾರ, ಮೂರನೆಯವನು ಯೆನೋ, ತೀರ ಹೊರಗೆ ವಾಲ್ಡಿಸ್. ಪಟ್ಟಿ ಮೇಲಕ್ಕೆ ಹಾರಿತು. ಕಿಟ್ಟ ಚಿಮ್ಮಿತು. ಎರಡು ಕ್ಷಣದಲ್ಲಿ ಮೊದಲ ತಿರುವು ಎದುರಿಗೆ ಬಂತು.

ವಾಲ್ಡಿಸ್ ಅವನ ಹೊರಗಡೆ, ಅರ್ಧ ಚಕ್ರ ಹಿಂದೆ ಇದ್ದ. ಅವನಾಚೆ ಹಲಗೆ. ಯೆನೋ ಏನೂ ಮಾಡಬೇಕಾಗಿರಲಿಲ್ಲ. ತಿರುಗದಿದ್ದರೆ ಸಾಕಿತ್ತು. ವಾಲ್ಡಿಸ್ ಒಮ್ಮೆ ಅವನ ಮುಖ ನೋಡಿದ. ಕನ್ನಡಕದ ಹಿಂದಿನ ಕಣ್ಣುಗಳು ಅಗಲವಾಗಿದ್ದವು. ತನಗೇನು ಕಾದಿದೆ ಎಂದು ಅವನಿಗೆ ಗೊತ್ತಿತ್ತು. ಜಿಪ್ಸಿಯ ಪಕ್ಕ ನಿಲ್ಲಿಸಿದ್ದಾರೆ, ಹುಷಾರು ಎಂದು ಅವನಿಗೂ ಯಾರೋ ಹೇಳಿಯೇ ಇದ್ದರು.

ಯೆನೋ ತಿರುಗಿದ. ಉಕ್ಕಿನ ಮೆಟ್ಟನ್ನು ಕಿಟ್ಟಕ್ಕೆ ಒತ್ತಿ, ಒಂದು ಗಾಡಿಯಷ್ಟು ದಾರಿ ಬಿಟ್ಟು ತಿರುಗಿದ. ವಾಲ್ಡಿಸ್ ಆ ಸಂದಿನಲ್ಲಿ ನುಸುಳಿ ಬದುಕಿದ.

ಪಂದ್ಯ ಅಲ್ಲಿಗೇ ಹರ್ಶಾನಿಯ ಕೈ ತಪ್ಪಿತ್ತು. ಆದರೆ ಯೆನೋಗೆ ಅಷ್ಟು ಸಾಲಲಿಲ್ಲ. ಎರಡು ತಿಂಗಳಿಂದ ಗಂಟಲಲ್ಲಿದ್ದ ಮುಳ್ಳು ಈಗ ಬಲಗೈಗೆ ಇಳಿದಿತ್ತು. ಆ ಕೈ ಥ್ರಾಟಲನ್ನು ತಿರುವಿಯೇ ಹಿಡಿಯಿತು. ಎರಡನೆಯ ಸುತ್ತಿನಲ್ಲಿ ಚೆಕ್ ಸವಾರ ಹಿಂದೆ ಬಿದ್ದ. ಮೂರನೆಯದರಲ್ಲಿ ವಾಲ್ಡಿಸ್. ಮುಂದೆ ಬಾಲಿಂಟ್ ಒಬ್ಬನೇ. ಅವನ ಹಿಂಚಕ್ರ ಎರಚಿದ ಕಿಟ್ಟ ಯೆನೋನ ತುಟಿ ಸೀಳಿ ಹಲ್ಲಿಗೆ ಬಡಿಯಿತು. ಅಪ್ಪನ ಕಫದ ಬಣ್ಣ ಈಗ ಅವನ ಬಾಯಲ್ಲಿತ್ತು.

ಕಡೆಯ ಸುತ್ತು, ಕಡೆಯ ತಿರುವು. ಬಾಲಿಂಟ್ ಒಳಗಿನ ಬೂದಿಯಲ್ಲಿ ಜಾರುತ್ತ ಹೊರಗೆ ಸರಿದ. ಯೆನೋ ಹಲಗೆಯ ಪಕ್ಕದ ಕಪ್ಪು ಪಟ್ಟಿಗೆ ಗಾಡಿ ಹಾಕಿದ. ಚಕ್ರ ಕಚ್ಚಿಕೊಂಡಿತು. ಬಾಲಿಂಟ್ ನೆರಳು ಕಂಡು ಮೊಣಕೈ ಬೀಸಿದ. ಅದು ಹ್ಯಾಂಡಲಿನ ಎಡತುದಿಗೆ ಬಿದ್ದು, ಊದಿದ ಮಣಿಕಟ್ಟು ತಿರುಚಿತು. ಯೆನೋ ಕಿರುಚಿದ. ಕೈ ಬಿಡಲಿಲ್ಲ. ಬಲಭುಜ ಹಲಗೆಗೆ ಉಜ್ಜಿ ತೊಗಲು ಹರಿಯಿತು. ಎಡಗಾಲಡಿಯಲ್ಲಿ ಕಿಡಿ ಹಾರಿತು. ಗೆರೆ ದಾಟುವಾಗ ಅವನು ಅರ್ಧ ಚಕ್ರ ಮುಂದಿದ್ದ.

ತಮ್ಮವನೇ ತಮ್ಮವನನ್ನು ಸೋಲಿಸಿದ್ದು ಕ್ರೀಡಾಂಗಣಕ್ಕೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

ಯೆನೋ ವೇಗ ಇಳಿಸಿ, ಕೈಯನ್ನು ನೋಡಲೆಂದು ಹ್ಯಾಂಡಲು ಬಿಟ್ಟ. ಬಾಲಿಂಟ್ ವೇಗ ಇಳಿಸಲಿಲ್ಲ. ಹಿಂದಿನಿಂದ ಬಂದವನು ನೇರವಾಗಿ ಯೆನೋನ ಹಿಂಚಕ್ರಕ್ಕೆ ನುಗ್ಗಿಸಿದ. ಯೆನೋ ಗಾಳಿಗೆ ಎದ್ದು, ತಲೆ ಕೆಳಗಾಗಿ ಬಿದ್ದ. ಗಾಡಿ ಅವನ ಮೇಲೆ ಬಿತ್ತು. ಟ್ಯಾಂಕು ಒಡೆಯಿತು. ಇಂಧನವಾಗಿ ತುಂಬಿದ್ದ ಮೆಥನಾಲ್ ಕಾದ ಹೊಗೆಕೊಳವೆಯ ಮೇಲೆ ಸುರಿಯಿತು.

ಮೆಥನಾಲಿನ ಬೆಂಕಿಗೆ ಹಗಲಲ್ಲಿ ಬಣ್ಣವಿಲ್ಲ. ಹೊಗೆಯೂ ಇಲ್ಲ. ಯೆನೋನ ತೋಳು ಉರಿಯುತ್ತಿತ್ತು, ಕತ್ತು ಉರಿಯುತ್ತಿತ್ತು, ಎಡಗೆನ್ನೆ ಉರಿಯುತ್ತಿತ್ತು. ಎಂಟು ಸಾವಿರ ಜನರಿಗೆ ಕಂಡದ್ದು ಒಬ್ಬ ಮನುಷ್ಯ ಎದ್ದು, ಮೈಗೆ ತಾನೇ ಬಡಿದುಕೊಂಡು, ನೆಗೆದು, ಉರುಳಾಡುವುದು ಮಾತ್ರ.

“ಕುಣೀತಾವ್ನೆ ನೋಡ್ರೋ!”

ಧ್ವನಿವರ್ಧಕದವನು ನಕ್ಕ. “ಹದಿನೆಂಟನೇ ನಂಬರಿಗೆ ಗೆದ್ದ ಖುಷಿ ತಡೆಯೋಕಾಗ್ತಿಲ್ಲ!”

ಯಾರೋ ಚಪ್ಪಾಳೆ ಶುರುಮಾಡಿದರು. ಆ ನಾಡಿನ ಚಪ್ಪಾಳೆ ಚದುರಿ ಬೀಳುವುದಿಲ್ಲ, ಸಾವಿರ ಕೈ ಒಂದೇ ಏಟಿಗೆ ಕೂಡುತ್ತದೆ. ಪಟ್, ಪಟ್, ಪಟ್. ಏಟು ಬಿರುಸಾಯಿತು. ಆ ತಾಳಕ್ಕೆ ಯೆನೋ ಬೆಂದ.

ಅವನ ಮೈಮೇಲಿನ ಗಾಳಿ ನೀರಿನಂತೆ ನಡುಗುತ್ತಿದ್ದುದನ್ನು ಕಂಡವಳು ವಿಲ್ಮಾ. ಅಂಕಣದ ಬೇಲಿ ಹಾರಿ, ಅವನು ಕುಳಿತಿದ್ದ ಬಕೆಟ್ಟನ್ನು ತೊಟ್ಟಿಯಲ್ಲಿ ಮುಳುಗಿಸಿಕೊಂಡು ಓಡಿದಳು. “ಬೆಂಕಿ! ಬೆಂಕಿ ಕಣ್ರೋ ಅದು, ಕುರುಡು ಮುಂಡೇವಾ!” ಗೆಜಾ ಮತ್ತು ಕೇರಿಯವರು ನೀರಿನ ಕೊಳವೆ ಎಳೆದುತಂದು ಹಿಡಿದರು. ನೀರು ಬಿದ್ದೊಡನೆ ಮೈಯಿಂದ ಹಬೆ ಎದ್ದಿತು. ಹಬೆ ಕಂಡ ಮೇಲೆ ಚಪ್ಪಾಳೆ ನಿಂತಿತು. ಒಮ್ಮೆಲೇ ನಿಲ್ಲಲಿಲ್ಲ. ಮೇಲಿನ ಸಾಲುಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ನಡೆಯಿತು.

ಡೆನ್ಮಾರ್ಕಿನ ರೆಫರಿ ಗೋಪುರದಿಂದ ಇಳಿದು ಬಂದ. ಅವನ ಭಾಷೆ ಬಲ್ಲ ಹರ್ಶಾನಿ ಮೊದಲೇ ಬಂದು ಯೆನೋನ ಬಳಿ ಬಗ್ಗಿದ್ದ.

“ನೀನೇ ಬಿದ್ದೆ ಅನ್ನು. ಕ್ಲಚ್ಚು ಸಿಕ್ಕಿಕೊಂಡಿತು ಅನ್ನು. ಇಲ್ಲಾಂದ್ರೆ ಹುಡುಗನ ಬಾಳು ಹಾಳಾಗುತ್ತೆ. ನಿನಗೂ ಮಕ್ಕಳಿದಾರೆ.”

ರೆಫರಿ ಏನೋ ಕೇಳಿದ. ಯೆನೋಗೆ ಮಾತು ತಿಳಿಯಲಿಲ್ಲ, ಪ್ರಶ್ನೆ ತಿಳಿಯಿತು. ಬೆಂದ ಕೈಯನ್ನು ಎತ್ತಿದ. ಕೈಗವಸು ತೊಗಲಿಗೆ ಅಂಟಿತ್ತು. ಆ ಬೆರಳನ್ನು, ಅಲ್ಲೇ ಗಾಡಿ ಹಿಡಿದು ನಿಂತಿದ್ದ ಬಾಲಿಂಟನ ಎದೆಯತ್ತ ಚಾಚಿ ಹಿಡಿದ. ಇಳಿಸಲಿಲ್ಲ. ಪಕ್ಕದಲ್ಲಿ ಬಂದು ನಿಂತಿದ್ದ ವಾಲ್ಡಿಸ್ ಕೂಡ ಮಾತಾಡದೆ ತನ್ನ ಬೆರಳನ್ನು ಅತ್ತಲೇ ಚಾಚಿದ. ರೆಫರಿ ತಲೆಯಾಡಿಸಿ, ಬಾಲಿಂಟನ ಹೆಸರು ಬರೆದುಕೊಂಡು ಹೋದ.

“ಮುಗೀತು ನಿನ್ನ ಕಥೆ,” ಎಂದ ಹರ್ಶಾನಿ. “ಲೈಸೆನ್ಸು ಹರಿದು ಹಾಕ್ತೀನಿ. ಮುಂದಿನ ವರ್ಷ ನಿನಗೆ ಎಲ್ಲೂ ಜಾಗ ಇಲ್ಲ!”

“ಮುಂದಿನ ವರ್ಷ ಆ ಜಾಗಾನೇ ಇಲ್ಲ ಸಾಹೇಬ್ರೇ,” ಎಂದ ಯೆನೋ. ತುಟಿ ಸೀಳಿತ್ತು, ಒಂದೊಂದೇ ಮಾತು ಬಂತು. “ತಂದೋನು ನಾನು. ಇವತ್ತು ತಗೊಂಡೋನೂ ನಾನೇ.”

ಹರ್ಶಾನಿ ಕೆನ್ನೆಗೆ ಹೊಡೆದ. ಎಡಗೆನ್ನೆಗೆ. ಕೈ ಹಿಂದೆಗೆದಾಗ ಅಂಗೈಗೆ ಚರ್ಮ ಮೆತ್ತಿಕೊಂಡು ಬಂದಿತ್ತು. ಅವನು ತನ್ನ ಅಂಗೈಯನ್ನೇ ನೋಡುತ್ತ ನಿಂತ. ಅದನ್ನು ಎಲ್ಲಿ ಒರೆಸಬೇಕೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ಕೇರಿಯವರತ್ತ ತಿರುಗಿ ಅರಚಿದ:

“ನೀವೇನ್ರೋ ನೋಡ್ತಿರೋದು? ಪದಕ ಕೊಡ್ಬೇಕು, ಟ್ರ್ಯಾಕು ಮಟ್ಟ ಮಾಡಿ! ಎಳೀರಿ ಕುಂಟೆ!”

ಗೆಜಾ ಕುಂಟೆಯನ್ನು ತಲೆಕೆಳಗು ಮಾಡಿ, ಹಲ್ಲುಗಳು ಆಕಾಶ ನೋಡುವಂತೆ ಟ್ರ್ಯಾಕಿನ ನಡುವೆ ಮಲಗಿಸಿದ. “ನಿಮ್ಮ ಅಣ್ಣನ ಮಗ ಕೆಲಸ ಇಲ್ದೆ ನಿಂತವ್ನೆ ಬುದ್ಧೀ. ಅವನ ಕೈಗೆ ಕೊಡಿ,” ಎಂದ. ಉಳಿದ ಐದು ಕುಂಟೆಗಳೂ ಅದರ ಪಕ್ಕದಲ್ಲಿ ಬಿದ್ದವು.

ವೈದ್ಯರ ಗಾಡಿ ಜರ್ಮನಿಯವನನ್ನು ಹೊತ್ತು ಹೋದದ್ದು ಇನ್ನೂ ಬಂದಿರಲಿಲ್ಲ. ಯೆನೋ ವಿಲ್ಮಾಳ ಹೆಗಲ ಮೇಲೆ ತೋಳು ಹಾಕಿ ನಡೆದ. ಹಿಂಬಾಗಿಲತ್ತ ತಿರುಗಲಿಲ್ಲ. ಉಕ್ಕಿನ ಮೆಟ್ಟು ಕಾಂಕ್ರೀಟಿನ ಮೇಲೆ ಕಿರುಗುಟ್ಟುತ್ತ ಬಿಳಿಯ ಗೀರು ಎಳೆಯಿತು. ಹಿಂದೆ ಕೇರಿಯ ಆರು ಜನ. ಮುಂಬಾಗಿಲ ಕಬ್ಬಿಣದ ಕದಕ್ಕೆ ಬೀಗ ಬಿದ್ದಿತ್ತು. ಅದರ ಮುಂದೆ ಬೆಳಗಿನ ಕಾವಲುಗಾರ.

“ನಿಮ್ಮ ಗೇಟು ಹಿಂದ್ಗಡೆ...” ಎಂದು ಲಾಠಿ ಎತ್ತಿದವನು, ಬಂದ ಮುಖವನ್ನು ನೋಡಿ ಅಲ್ಲಿಗೇ ನಿಲ್ಲಿಸಿದ. ಲಾಠಿ ಮೇಲೆಯೇ ಉಳಿಯಿತು. ಕಾಲುಗಳು ಪಕ್ಕಕ್ಕೆ ಸರಿದವು.

ಯೆನೋ ಬೀಗದ ಕೈ ಕೇಳಲಿಲ್ಲ. ತಂಗಿಯ ಹೆಗಲನ್ನು ಬಿಗಿಯಾಗಿ ಹಿಡಿದು ಎಡಗಾಲೆತ್ತಿದ. ಮೊದಲ ಒದೆತಕ್ಕೆ ಕದ ಗಡಗಡ ಅದುರಿತು. ಎರಡನೆಯದಕ್ಕೆ ಕೊಂಡಿ ಬಾಗಿತು. ಮೂರನೆಯದಕ್ಕೆ ಬೀಗ ಮುರಿಯಿತು.